ಕರೆಂಟ್ ಹೋದಾಗ ಸೋಲಾರ್ ಬ್ಯಾಕಪ್ ಟ್ರಿಪ್ ಆಗುತ್ತಿತ್ತು: ಪರಿಹಾರ ಸಿಕ್ಕಿದ್ದು ನ್ಯೂಟ್ರಲ್‌ನಲ್ಲಿ

ಹೈಬ್ರಿಡ್ ಇನ್ವರ್ಟರ್ (ಸೋಲಾರ್, ಬ್ಯಾಟರಿ, ಗ್ರಿಡ್ ಮೂರನ್ನೂ ನಿಭಾಯಿಸುವುದು) ಸರಿಯಿದೆ, ಬ್ಯಾಟರಿ ತುಂಬಿದೆ, ಆದರೂ ಬ್ಯಾಕಪ್ ಲೈನಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸುರಕ್ಷತಾ ಸ್ವಿಚ್ಚು) ಬೀಳುತ್ತಿದೆಯೇ? ಇನ್ವರ್ಟರನ್ನು ದೂರುವ ಮೊದಲು ಡಿಬಿ (ಬ್ರೇಕರ್‌ಗಳಿರುವ ಡಿಸ್ಟ್ರಿಬ್ಯೂಷನ್ ಬಾಕ್ಸ್) ಬಿಚ್ಚಿ ನೋಡಿ. ಲೈಟು, ಫ್ಯಾನು, ಫ್ರಿಜ್ಜಿನ ಫೇಸ್ ವೈರುಗಳನ್ನು ಬ್ಯಾಕಪ್ ಎಂಸಿಬಿಗೆ (ಬ್ರೇಕರ್) ಹಾಕಿ, ಕರೆಂಟ್ ವಾಪಸ್ ತರುವ ನ್ಯೂಟ್ರಲ್ ವೈರುಗಳನ್ನು ಅವೆಲ್ಲ ಸೇರುವ ಹಳೆಯ ಬಾರ್‌ನಲ್ಲೇ (ಲೋಹದ ಪಟ್ಟಿ) ಬಿಟ್ಟಿರುತ್ತಾರೆ. ಫೇಸ್‌ನಲ್ಲಿ ಹೋದ ಕರೆಂಟ್ ಆರ್‌ಸಿಸಿಬಿ ಮೂಲಕ ವಾಪಸಾಗದಿದ್ದರೆ ಅದು ಲೀಕೇಜ್ ಎಂದೇ ಲೆಕ್ಕ. ಮನೆಗಳ ಆರ್‌ಸಿಸಿಬಿಗೆ ಈ ಲೀಕೇಜಿನ ಮಿತಿ ಸಾಮಾನ್ಯವಾಗಿ 30 ಮಿಲಿಆಂಪಿಯರ್. 230 ವೋಲ್ಟಿನಲ್ಲಿ 9 ವ್ಯಾಟಿನ ಒಂದು ಬಲ್ಬೇ ಸುಮಾರು 40 ಮಿಲಿಆಂಪಿಯರ್ ಎಳೆಯುತ್ತದೆ.

ಮೊದಲು ಗ್ರಿಡ್ ಮೇನ್, ಇನ್ವರ್ಟರ್, ಬ್ಯಾಟರಿ ಬ್ರೇಕರ್, ಡಿಸಿ ಐಸೊಲೇಟರ್ (ಪ್ಯಾನೆಲ್ ಲೈನ್ ಕಡಿಯುವ ಸ್ವಿಚ್ಚು) ಎಲ್ಲವನ್ನೂ ಆಫ್ ಮಾಡಿ, ವೋಲ್ಟೇಜ್ ಇಲ್ಲವೆಂದು ಮೀಟರ್ ಹಿಡಿದು ಖಚಿತಪಡಿಸಿಕೊಳ್ಳಿ. ಬಿಸಿಲಿದ್ದರೆ ಪ್ಯಾನೆಲ್‌ನಿಂದ ಐಸೊಲೇಟರ್‌ವರೆಗಿನ ವೈರಿನಲ್ಲಿ ಆಗಲೂ ವೋಲ್ಟೇಜ್ ಇರುತ್ತದೆ, ಮುಟ್ಟಬೇಡಿ. ಈ ಕೆಲಸಕ್ಕೆ ಲೈಸೆನ್ಸ್ ಇರುವ ಎಲೆಕ್ಟ್ರಿಶಿಯನ್ ಬೇಕೇ ಬೇಕು.

ನಂತರ ಬ್ಯಾಕಪ್‌ಗೆಂದೇ ಪ್ರತ್ಯೇಕ ನ್ಯೂಟ್ರಲ್ ಬಾರ್ ಹಾಕಿಸಿ, ಆಯಾ ಸರ್ಕ್ಯೂಟಿನ ನ್ಯೂಟ್ರಲ್ ಅಲ್ಲಿಗೇ ತನ್ನಿ. ಆರ್‌ಸಿಸಿಬಿ ಆಫ್ ಇದ್ದಾಗ ಹಳೆಯ, ಹೊಸ ಎರಡೂ ಬಾರ್‌ಗಳ ನಡುವೆ ಮೀಟರಿನಲ್ಲಿ ಕಂಟಿನ್ಯುಟಿ (ಸಂಪರ್ಕ) ಬರಬಾರದು. ಬಂದರೆ ಮೆಟ್ಟಿಲಿನ ಟು-ವೇ ಸ್ವಿಚ್ಚಿನ ಲೈಟನ್ನು ಮೊದಲು ಹುಡುಕಿ. ಕೆಳಮಹಡಿಯ ಫೇಸ್, ಮೇಲ್ಮಹಡಿಯ ನ್ಯೂಟ್ರಲ್ ಸೇರಿಕೊಂಡಿರುವುದು ಹೆಚ್ಚಾಗಿ ಅಲ್ಲೇ.

ಟ್ರಿಪ್ ನಿಂತ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಗ್ರಿಡ್ ಆಫ್ ಮಾಡಿ, ಬ್ಯಾಕಪ್ ಓಡುತ್ತಿರುವಾಗ ನ್ಯೂಟ್ರಲ್–ಅರ್ತ್ ನಡುವೆ ಅಳೆಯಿರಿ. ಸೊನ್ನೆಯ ಹತ್ತಿರ ಇದ್ದರೆ ಸರಿ. 100 ವೋಲ್ಟಿನ ಆಸುಪಾಸು ತೋರಿಸಿದರೆ ನ್ಯೂಟ್ರಲ್ ತೇಲುತ್ತಿದೆ, ಅಂದರೆ ಅರ್ತ್‌ಗೆ ಸೇರಿಲ್ಲ. ಆಗ ಶಾಕ್ ಹೊಡೆದರೂ ಆರ್‌ಸಿಸಿಬಿ ಬೀಳದೇ ಹೋಗಬಹುದು. ಇನ್ವರ್ಟರ್ ಮೆನುವಿನಲ್ಲಿ ನ್ಯೂಟ್ರಲ್–ಅರ್ತ್ ರಿಲೇ (ಬ್ಯಾಕಪ್ ವೇಳೆ ಇವೆರಡನ್ನೂ ಜೋಡಿಸುವುದು) ಆಯ್ಕೆ ಇದ್ದರೆ ಆನ್ ಮಾಡಿಸಿ, ಮತ್ತೆ ಅಳೆದು ನೋಡಿ. ಕೊನೆಗೆ ಆರ್‌ಸಿಸಿಬಿಯ ಟೆಸ್ಟ್ ಬಟನ್ನನ್ನು ಬ್ಯಾಕಪ್‌ನಲ್ಲಿರುವಾಗಲೇ ಒತ್ತಿ.