ಮೊದಲ ಗಿಟಾರ್ ಕೊಳ್ಳುವಾಗ ತಂತಿಯ ಎತ್ತರ ಅಳೆಯಿರಿ

ಗಿಟಾರ್ ಕಲಿಯಲು ಶುರು ಮಾಡಿ ಎರಡೇ ತಿಂಗಳಿಗೆ ಬಿಟ್ಟವರನ್ನು ಕೇಳಿ ನೋಡಿ, ಬೆರಳು ನೋವು ಅನ್ನುತ್ತಾರೆ. ಮೊದಮೊದಲು ಎಲ್ಲರಿಗೂ ಸ್ವಲ್ಪ ನೋವು ಇದ್ದದ್ದೇ. ಆದರೆ ಎಷ್ಟೋ ಸಲ ತಪ್ಪು ಗಿಟಾರಿನದ್ದು.

ನಾನು ಮೊದಲು ಕೊಂಡದ್ದು ಮಿರಮಿರ ಮಿಂಚುವ ಕಪ್ಪು ಗಿಟಾರ್. ಎಫ್ ಕಾರ್ಡ್ (ಹಲವು ತಂತಿಗಳನ್ನು ಒಟ್ಟಿಗೆ ಒತ್ತಿ ಹಿಡಿಯುವ ಒಂದು ಸ್ವರಗುಚ್ಛ) ಹಿಡಿಯಲಾಗದೆ ಬೀರುವಿನ ಮೇಲಿಟ್ಟುಬಿಟ್ಟೆ. ವರ್ಷವಾದ ಮೇಲೆ ಗಿಟಾರ್ ರಿಪೇರಿ ಮಾಡುವವರೊಬ್ಬರು ನೆಕ್, ಅಂದರೆ ಗಿಟಾರಿನ ಕತ್ತಿನ ಮೇಲೆ ಅಡ್ಡಡ್ಡ ಕೂರಿಸಿದ ಲೋಹದ ಪಟ್ಟಿಗಳಿರುತ್ತವಲ್ಲ, ಫ್ರೆಟ್, ತಲೆಯ ಕಡೆಯಿಂದ ಎಣಿಸಿ 12ನೇ ಫ್ರೆಟ್ ಮೇಲೆ ಸ್ಟೀಲ್ ಸ್ಕೇಲ್ ನಿಲ್ಲಿಸಿ ತೋರಿಸಿದರು. ದಪ್ಪ ತಂತಿ ಫ್ರೆಟ್‌ನಿಂದ 4 ಮಿ.ಮೀ. ಎತ್ತರದಲ್ಲಿತ್ತು! ಗಿಟಾರಿನ ಹೊಟ್ಟೆಯ ಮೇಲೆ ತಂತಿ ಸಿಕ್ಕಿಸುವ ಮರದ ತುಂಡಿನಲ್ಲಿ, ಅಂದರೆ ಬ್ರಿಡ್ಜ್‌ನಲ್ಲಿ, ತಂತಿಗಳು ಕೂರುವ ಬಿಳಿ ಪಟ್ಟಿ ಇರುತ್ತದಲ್ಲ, ಸ್ಯಾಡಲ್, ಅದನ್ನು ಕಿತ್ತು ತಳವನ್ನು ಸ್ಯಾಂಡ್ ಪೇಪರ್ ಮೇಲೆ 2 ಮಿ.ಮೀ. ಉಜ್ಜಿದರು. ಅಲ್ಲಿ 2 ತೆಗೆದರೆ 12ನೇ ಫ್ರೆಟ್‌ನಲ್ಲಿ ಇಳಿಯುವುದು 1. ಅಷ್ಟಕ್ಕೇ ಕೈ ಹಗುರಾಯಿತು.

ಹಾಗಾಗಿ ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಸ್ಕೇಲ್ ಇರಲಿ. ಸ್ಟೀಲ್ ತಂತಿಯ ಗಿಟಾರಿನಲ್ಲಿ 12ನೇ ಫ್ರೆಟ್‌ನ ತಲೆಯಿಂದ ದಪ್ಪ ತಂತಿಯ ಅಡಿಗೆ ಸುಮಾರು 2.5 ಮಿ.ಮೀ. ಇದ್ದರೆ ಚೆನ್ನ, 3 ದಾಟಿದರೆ ಇಳಿಸಿಕೊಡಿ ಅಂತ ಕೇಳಿ. ನೈಲಾನ್ ತಂತಿಯದ್ದರಲ್ಲಿ 4 ಇದ್ದರೂ ಸರಿ, ತಂತಿ ಮೆತ್ತಗಿರುತ್ತದೆ. ಆಮೇಲೆ ಒಂದೊಂದೇ ತಂತಿಯನ್ನು ಎಲ್ಲಾ ಫ್ರೆಟ್‌ಗಳಲ್ಲೂ ಒತ್ತಿ ಮೀಟಿ, ಅಂಗಡಿಯವರು ಅವಸರ ಮಾಡಿದರೂ ಬಿಡಬೇಡಿ, ಎಲ್ಲಾದರೂ ಗರ್ರ್ ಅಂದರೆ ಬೇರೆ ಪೀಸ್ ತೆಗೆಸಿ. ಫೋನಿನ ಟ್ಯೂನರ್ ಆ್ಯಪ್ ಇಟ್ಟುಕೊಂಡು ತಂತಿಯನ್ನು ಮೊದಲು ಎಲ್ಲೂ ಒತ್ತದೆ, ಆಮೇಲೆ 12ನೇ ಫ್ರೆಟ್‌ನಲ್ಲಿ ಒತ್ತಿ ನುಡಿಸಿ. ಎರಡೂ ಒಂದೇ ಸ್ವರ ತೋರಿಸಬೇಕು, ಎರಡನೆಯದು ಒಂದು ಸ್ಥಾಯಿ ಮೇಲೆ. ನೆಕ್ ಅಂಚಿನ ಮೇಲೆ ಕೈ ಸವರಿ, ಫ್ರೆಟ್ ತುದಿ ಚುಚ್ಚಬಾರದು.

ನೈಲಾನಾ, ಸ್ಟೀಲಾ? ಸಿನಿಮಾ ಹಾಡಿಗೆ ಕಾರ್ಡ್ ಹಿಡಿದು ಹಾಡುವ ಆಸೆ ಇದ್ದರೆ ಸ್ಟೀಲ್. ನೈಲಾನ್ ಬೆರಳಿಗೆ ಸುಖ, ಆದರೆ ನೆಕ್ ಅಗಲ: ತಲೆಯ ಹತ್ತಿರ ಸುಮಾರು 52 ಮಿ.ಮೀ., ಸ್ಟೀಲ್‌ನದ್ದು 43ರ ಆಸುಪಾಸು. ಯಮಾಹಾ ಕಂಪನಿಯ ನೈಲಾನ್ ತಂತಿಯ ಸಿ40, ಸ್ಟೀಲ್ ತಂತಿಯ ಎಫ್310 ಎರಡನ್ನೂ ತೊಡೆಯ ಮೇಲಿಟ್ಟು ಹಿಡಿದು ನೋಡಿದರೆ ಈ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ. ಜೋರು ಶಬ್ದ ಬರಲಿ ಅಂತ ನೈಲಾನ್ ಗಿಟಾರಿಗೆ ಸ್ಟೀಲ್ ತಂತಿ ಮಾತ್ರ ಹಾಕಬೇಡಿ, ಆ ಎಳೆತಕ್ಕೆ ಬ್ರಿಡ್ಜೇ ಕಿತ್ತು ಬರಬಹುದು.

ಮಕ್ಕಳಿಗೆ ಮುಂದೆ ಬೆಳೆಯುತ್ತಾರೆ ಅಂತ ದೊಡ್ಡದು ಕೊಡಿಸಬೇಡಿ. ಏಳೆಂಟು ವರ್ಷದವರಿಗೆ ಅರ್ಧ ಸೈಜ್, ಹತ್ತರ ಆಸುಪಾಸಿಗೆ ಮುಕ್ಕಾಲು ಸೈಜ್.

ಆನ್‌ಲೈನ್‌ನಲ್ಲಿ ತರಿಸಿದ್ದರೆ, ಡಬ್ಬ ಬಿಚ್ಚಿದ ದಿನವೇ ಇದೆಲ್ಲಾ ಅಳೆದು ನೋಡಿ. ವಾಪಸ್ ಕಳಿಸುವ ಗಡುವು ಮುಗಿಯುವವರೆಗೆ ಡಬ್ಬ ಎಸೆಯಬೇಡಿ.