ಡಿಸ್ಕ್ ‘ಪಾಸ್ಡ್’ ಅಂದರೂ ನಾನು ನೋಡುವ ಮೂರು ಸಾಲು

ಹಾರ್ಡ್ ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಡುತ್ತದೆ. ಇದಕ್ಕೆ ಸ್ಮಾರ್ಟ್ ಅಂತ ಹೆಸರು. ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ, ಲಿನಕ್ಸ್‌ನಲ್ಲಿ ಜಿಸ್ಮಾರ್ಟ್‌ಕಂಟ್ರೋಲ್ ಹಾಕಿಕೊಂಡರೆ ಆ ಲೆಕ್ಕ ಓದಬಹುದು. ಎರಡಕ್ಕೂ ದುಡ್ಡು ಕೊಡಬೇಕಿಲ್ಲ. ನಮ್ಮ ಮನೆಯ ಫೋಟೋಗಳು, ಅಪ್ಪ ಟೇಪ್ ಮಾಡಿಟ್ಟಿದ್ದ ಯಕ್ಷಗಾನದ ಕ್ಯಾಸೆಟ್‌ಗಳಿಂದ ಇಳಿಸಿದ ಫೈಲ್‌ಗಳು ಎಲ್ಲಾ ಒಂದೇ ಡಿಸ್ಕ್‌ನಲ್ಲಿದ್ದವು. ಹಾಗಾಗಿ ಈ ಲೆಕ್ಕ ನೋಡುವುದು ನನಗೆ ರೂಢಿಯಾಗಿತ್ತು.

ಒಟ್ಟಾರೆ ಫಲಿತಾಂಶ ಅಂತ ಬರುವ ‘ಪಾಸ್ಡ್’ ಅನ್ನು ನಾನು ಲೆಕ್ಕಕ್ಕೇ ಇಡುವುದಿಲ್ಲ. ತಯಾರಕರು ಇಟ್ಟ ಮಿತಿ ದಾಟುವವರೆಗೂ ಅದು ಪಾಸ್ಡ್ ಅಂತಲೇ ತೋರಿಸುತ್ತದೆ. ಆ ಮಿತಿ ತುಂಬಾ ಸಡಿಲ. ನಮ್ಮ ಡಿಸ್ಕ್‌ನಲ್ಲಿ ಕೆಲವು ಫೋಟೋಗಳು ತೆರೆಯಲು ತಡವರಿಸುತ್ತಿದ್ದಾಗಲೂ ಪಾಸ್ಡ್ ಅಂತಲೇ ಇತ್ತು.

ನಾನು ನೋಡುವುದು ಮೂರು ಸಾಲುಗಳ ರಾ ವ್ಯಾಲ್ಯೂ, ಅಂದರೆ ಡಿಸ್ಕ್ ಎಣಿಸಿಟ್ಟ ನೇರ ಸಂಖ್ಯೆ. ಆ ಸಾಲುಗಳ ನಂಬರ್ 5, 197, 198. 5ನೇ ನಂಬರಿನದು, ಕೆಟ್ಟುಹೋದ ಸೆಕ್ಟರ್‌ಗಳ (ಡೇಟಾ ಇಡುವ ಚಿಕ್ಕ ಚಿಕ್ಕ ಜಾಗಗಳ) ಬದಲಿಗೆ ಮೀಸಲು ಜಾಗದಿಂದ ಎಷ್ಟು ಕೊಟ್ಟಾಗಿದೆ ಅನ್ನುವ ಲೆಕ್ಕ. 198 ಅಂದರೆ ಡಿಸ್ಕ್ ತಾನೇ ಪರೀಕ್ಷೆ ಮಾಡಿಕೊಂಡಾಗ ಓದಲು ಆಗದೇ ಉಳಿದವು. ನನಗೆ ಜಾಸ್ತಿ ಭಯ 197ರದ್ದು. ಓದಲು ಹೋದರೆ ಬರುತ್ತಿಲ್ಲ, ಆದರೆ ಡಿಸ್ಕ್ ಇನ್ನೂ ಕೈಬಿಟ್ಟಿಲ್ಲ, ಅಂಥ ಸೆಕ್ಟರ್‌ಗಳು ಅಲ್ಲಿ ಕಾಯುತ್ತಿರುತ್ತವೆ. ಅದರಲ್ಲಿ ಇರುವುದು ನಮ್ಮದೇ ಫೈಲಿನ ತುಂಡು ಇರಬಹುದು, ಅಲ್ವಾ? ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಈ ಸಂಖ್ಯೆಗಳನ್ನು ಹೆಕ್ಸ್‌ನಲ್ಲಿ, ಅಂದರೆ ಹತ್ತರ ಬದಲು ಹದಿನಾರರ ಲೆಕ್ಕದಲ್ಲಿ, ತೋರಿಸುತ್ತದೆ. 10 ಅಂತ ಕಂಡರೆ ಅದು 16. ಸೆಟ್ಟಿಂಗ್‌ನಲ್ಲಿ ದಶಮಾಂಶಕ್ಕೆ ಬದಲಾಯಿಸಿಕೊಂಡೇ ಓದಬೇಕು.

ಸುಮ್ನೆ ಹೆದರಿಸುವ ಸಾಲುಗಳೂ ಇವೆ. ಸೀಗೇಟ್ ಕಂಪನಿಯ ಡಿಸ್ಕ್‌ಗಳಲ್ಲಿ 1ನೇ ಸಾಲಿನ (ಓದುವಾಗಿನ ತಪ್ಪುಗಳ) ಸಂಖ್ಯೆ ಕೋಟಿಗಟ್ಟಲೆ ಇರುತ್ತದೆ, ಅದು ಮಾಮೂಲು. 199ನೇ ಸಾಲು ಡಿಸ್ಕ್‌ಗೂ ಕಂಪ್ಯೂಟರ್‌ಗೂ ನಡುವೆ ಡೇಟಾ ಸಾಗುವಾಗಿನ ತಪ್ಪುಗಳದ್ದು; ಅದು ಏರುತ್ತಿದ್ದರೆ ಹೆಚ್ಚಿನ ಸಲ ತೊಂದರೆ ಕೇಬಲ್‌ನದು. ಬದಲಾಯಿಸಿದರೆ ಏರುವುದು ನಿಲ್ಲುತ್ತದೆ, ಹಳೆಯ ಲೆಕ್ಕ ಮಾತ್ರ ಹಾಗೇ ಉಳಿಯುತ್ತದೆ.

ಒಂದು ಸಲ ನೋಡಿದ ಸಂಖ್ಯೆಗಿಂತ ಅದು ಏರುತ್ತಿದೆಯಾ ಅನ್ನುವುದೇ ಮುಖ್ಯ. ಐದನೇ ಸಾಲಿನಲ್ಲಿ 8 ಅಂತ ಬಂದು ವರ್ಷಗಟ್ಟಲೆ ಅಲ್ಲೇ ನಿಂತ ಡಿಸ್ಕನ್ನು ನಾನು ಕಂಡಿದ್ದೇನೆ. ನಮ್ಮದು ಹಾಗೆ ನಿಲ್ಲಲಿಲ್ಲ. ತಾರೀಖು ಹಾಕಿ ಬರೆದಿಡುತ್ತಿದ್ದೆ. 197 ಸೊನ್ನೆಯಿಂದ 8ಕ್ಕೆ, ಆಮೇಲೆ 24ಕ್ಕೆ ಹೋಯಿತು. ಅಲ್ಲಿಗೆ ಆ ಡಿಸ್ಕನ್ನು ಕೈಬಿಡಬೇಕು ಅಂತ ತೀರ್ಮಾನಿಸಿದೆ.

ಇಂಥ ಹೊತ್ತಿನಲ್ಲಿ ಮೊದಲು ಕಾಪಿ, ಆಮೇಲೆ ಪರೀಕ್ಷೆ. ಕೆಟ್ಟ ಸೆಕ್ಟರ್ ಹುಡುಕಲು (/r ಹಾಕಿ) ಓಡಿಸುವ ವಿಂಡೋಸ್‌ನ ಚೆಕ್‌ಡಿಸ್ಕ್ ಆಗಲಿ, ಸ್ಮಾರ್ಟ್‌ನ ಉದ್ದದ ಟೆಸ್ಟ್ ಆಗಲಿ ಇಡೀ ಡಿಸ್ಕನ್ನು ಓದಿಸುತ್ತದೆ. ಸೋತಿರುವ ಡಿಸ್ಕ್ ಅಷ್ಟರಲ್ಲೇ ಕೈಕೊಡಬಹುದು. ಮತ್ತೆ ಎಲ್ಲೂ ಸಿಗದಿರುವುದನ್ನು ಮೊದಲು ತೆಗೆದೆ: ಅಪ್ಪನ ರೆಕಾರ್ಡಿಂಗ್‌ಗಳು, ಮಕ್ಕಳ ಫೋಟೋ. ಸಿನಿಮಾ, ಸಾಫ್ಟ್‌ವೇರ್ ಎಲ್ಲಾ ಕೊನೆಗೆ. ಉಳಿದದ್ದಕ್ಕೆ ಲಿನಕ್ಸ್‌ನಲ್ಲಿ ಡಿಡಿರೆಸ್ಕ್ಯೂ ಅನ್ನುವ, ಕೆಟ್ಟ ಡಿಸ್ಕ್‌ನಿಂದ ಡೇಟಾ ಕಾಪಿ ಮಾಡುವ ಪ್ರೋಗ್ರಾಂ ಹಚ್ಚಿದೆ. ಅದು ಸುಲಭವಾಗಿ ಬರುವುದನ್ನು ಮೊದಲು ಎತ್ತಿಕೊಂಡು, ಹಟ ಮಾಡುವ ಜಾಗಗಳನ್ನು ಆಮೇಲೆ ಮುಟ್ಟುತ್ತದೆ. ಎಲ್ಲಿವರೆಗೆ ಬಂದಿದೆ ಅಂತ ಮ್ಯಾಪ್ ಫೈಲ್‌ನಲ್ಲಿ ಬರೆಯುತ್ತಾ ಹೋಗುತ್ತದೆ. ಹಾಗಾಗಿ ನಡುವೆ ಕರೆಂಟ್ ಹೋದಾಗಲೂ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗಲಿಲ್ಲ. ತುಂಬಿಸಿಕೊಳ್ಳುವ ಡಿಸ್ಕ್ ಮಾತ್ರ ಹಳೆಯದರಷ್ಟೇ ಅಥವಾ ಅದಕ್ಕಿಂತ ದೊಡ್ಡದಿರಬೇಕು.

ಟಕ್ ಟಕ್ ಅಂತ ಒಂದೇ ಸಮನೆ ಸದ್ದು ಬರುತ್ತಿದ್ದರೆ ಇದ್ಯಾವುದನ್ನೂ ಮಾಡಬೇಡಿ. ಆಫ್ ಮಾಡಿ, ಡೇಟಾ ರಿಕವರಿ ಮಾಡುವವರ ಹತ್ತಿರ ಒಯ್ಯಿರಿ.

ಸ್ಮಾರ್ಟ್ ಸುಮ್ಮನಿದೆ ಅಂತ ನಿಶ್ಚಿಂತೆಯಾಗಿ ಇರುವಂತಿಲ್ಲ. ಗೂಗಲ್‌ನವರು 2007ರಲ್ಲಿ ತಮ್ಮ ಡಿಸ್ಕ್‌ಗಳ ಮೇಲೆ ಮಾಡಿದ ಅಧ್ಯಯನದಲ್ಲಿ, ಕೆಟ್ಟ ಡಿಸ್ಕ್‌ಗಳ ಪೈಕಿ ಶೇ 36ಕ್ಕಿಂತ ಜಾಸ್ತಿ ಯಾವ ಸುಳಿವನ್ನೂ ಕೊಟ್ಟಿರಲಿಲ್ಲ. ಅದಕ್ಕೇ ಈಗ ನಮ್ಮ ಯಕ್ಷಗಾನದ ಫೈಲ್‌ಗಳ ಒಂದು ಪ್ರತಿ ಮನೆಯಲ್ಲಿದೆ, ಇನ್ನೊಂದು ಊರಲ್ಲಿ ಅಣ್ಣನ ಮನೆಯಲ್ಲಿದೆ. ಊರಿಗೆ ಹೋದಾಗಲೆಲ್ಲ ಹೊಸದನ್ನು ಸೇರಿಸಿ, ನಾಲ್ಕಾರು ಫೈಲ್ ತೆರೆದು ಕೇಳಿಯೇ ಬರುತ್ತೇನೆ.