ಮೊದಲು ಬಂದ ಉತ್ತರಕ್ಕೇ ಯಾಕೆ ಎಲ್ಲ ಪಾಯಿಂಟು?

ನಮ್ಮ ತಾಂತ್ರಿಕ ತಂಡಗಳ ಒಳಗಿನ ಪ್ರಶ್ನೋತ್ತರ ವ್ಯವಸ್ಥೆಗೆ ಪಾಯಿಂಟ್ ನಿಯಮ ರೂಪಿಸುವ ಕೆಲಸ ನನ್ನ ಪಾಲಿಗೆ ಬಂತು. ಒಬ್ಬರ ಉತ್ತರ ಇನ್ನೊಬ್ಬರಿಗೆ ಹಿಡಿಸಿದರೆ ಪಾಯಿಂಟ್. ಪಾಯಿಂಟ್ ಹೆಚ್ಚಿದವರಿಗೆ ಬೇರೆಯವರ ಬರಹ ತಿದ್ದುವ, ಪ್ರಶ್ನೆ ಮುಚ್ಚುವ ಅಧಿಕಾರ. ಮಾದರಿಗೆ ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣ ಸ್ಟಾಕ್ ಓವರ್‌ಫ್ಲೋ ಇದ್ದೇ ಇತ್ತು. ಅಲ್ಲಿ ಒಂದು ಅಪ್‌ವೋಟಿಗೆ (ಮೆಚ್ಚುಗೆಯ ವೋಟು) 10, ಕೇಳಿದವರೇ ಉತ್ತರ ಒಪ್ಪಿಕೊಂಡರೆ 15, ಡೌನ್‌ವೋಟ್ (ಹಿಡಿಸಲಿಲ್ಲ ಎಂಬ ವೋಟು) ಬಿದ್ದರೆ 2 ಕಡಿತ. ಉತ್ತರಕ್ಕೆ ಡೌನ್‌ವೋಟ್ ಹಾಕಿದವರಿಗೂ 1 ಕೈಬಿಡುತ್ತದೆ. ಈ ಕೊನೆಯದನ್ನು ಹಾಗೇ ಎತ್ತಿಕೊಂಡೆ. ಪುಕ್ಕಟೆ ಸಿಟ್ಟಿಗೆ ಇದಕ್ಕಿಂತ ಒಳ್ಳೆಯ ಕಡಿವಾಣ ನಾನು ಕಂಡಿಲ್ಲ.

ತಕರಾರು ಶುರುವಾದದ್ದು ಒಂದು ಸಣ್ಣ ಪ್ರಶ್ನೆಯಿಂದ: ಪಟ್ಟಿಯಲ್ಲಿ ತಾರೀಕುಗಳು ಸರಿಯಾದ ಕ್ರಮದಲ್ಲಿ ಬರುತ್ತಿಲ್ಲ, 2ಕ್ಕಿಂತ ಮೊದಲು 10 ಬರುತ್ತಿದೆ. ಕೆಲವೇ ನಿಮಿಷಗಳಲ್ಲಿ ಒಂದು ಸಾಲಿನ ಉತ್ತರ ಬಂತು: ಸಂಖ್ಯೆಗೆ ಬದಲಾಯಿಸಿ ಜೋಡಿಸಿ. ಕೆಲಸ ಆಯಿತು, ವೋಟುಗಳು ಸುರಿದವು. ಮರುದಿನ ಇನ್ನೊಬ್ಬರು ವಿವರವಾಗಿ ಬರೆದರು. ತಾರೀಕನ್ನು ಪಠ್ಯವಾಗಿ ಉಳಿಸಿದ್ದೇ ರೋಗದ ಮೂಲ, ಹಾಗಾಗಿಯೇ ಫೆಬ್ರವರಿ 31ರಂಥ ನಮೂದುಗಳೂ ಒಳಗೆ ಸೇರಿಕೊಂಡಿವೆ, ಅವನ್ನು ಹುಡುಕುವುದು ಹೀಗೆ ಎಂದು. ನಿಜವಾದ ಪರಿಹಾರ ಅದು. ಆದರೆ ಅಷ್ಟು ಹೊತ್ತಿಗೆ ಓದುಗರು ಜಾಗ ಖಾಲಿ ಮಾಡಿದ್ದರು.

ಜನ ಅನ್ಯಾಯ ಮಾಡಿದರು ಅಂತ ನನಗೆ ಅನಿಸಲಿಲ್ಲ. ಪ್ರತಿಯೊಬ್ಬರೂ ಪ್ರಾಮಾಣಿಕವಾಗಿಯೇ ವೋಟು ಹಾಕಿದ್ದರು. ಆದರೆ ಹಾಕುವ ಮುನ್ನ ಆ ಉತ್ತರಕ್ಕೆ ಆಗಲೇ ಬಿದ್ದಿದ್ದ ವೋಟುಗಳ ಅಂಕವನ್ನೂ ನೋಡಿದ್ದರು. 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಪ್ರಯೋಗವೊಂದರಲ್ಲಿ, ಕಂಡಕಂಡ ಬರಹಗಳಿಗೆ ಸುಮ್ಮನೆ ಒಂದು ಅಪ್‌ವೋಟ್ ಮೊದಲೇ ಕೊಟ್ಟು ಬಿಟ್ಟಿದ್ದರು. ಅವುಗಳ ಅಂತಿಮ ಅಂಕ ಸರಾಸರಿ 25% ಮೇಲೇರಿತ್ತು. ಅದೇ ರೀತಿ ಕೊಟ್ಟ ಡೌನ್‌ವೋಟನ್ನು ಮಾತ್ರ ಉಳಿದವರು ಸರಿದೂಗಿಸಿಬಿಟ್ಟಿದ್ದರು. ಅಂದರೆ ಹೊಗಳಿಕೆ ಅಂಟುತ್ತದೆ, ತೆಗಳಿಕೆ ಅಷ್ಟಾಗಿ ಅಂಟುವುದಿಲ್ಲ.

ಹಾಗಾಗಿ ಮೊದಲ ಎರಡು ದಿನ ಅಂಕ ಯಾರಿಗೂ ಕಾಣದಂತೆ ಮಾಡಿದೆ. ಉತ್ತರಗಳ ಕ್ರಮವೂ ಪ್ರತಿ ಸಲ ತೆರೆದಾಗ ಅದಲುಬದಲು. ತುಂಬಾ ಜನ ಗೊಣಗಿದರು, ‘ಯಾವುದು ಒಳ್ಳೆಯದು ಅಂತ ಹೇಗೆ ಗೊತ್ತಾಗಬೇಕು?’ ಅಂತ. ಓದಿ ನೋಡಿ ಅಂದೆ. ತಡವಾಗಿ ಬಂದ ಉತ್ತರಗಳಿಗೂ ವೋಟು ಬೀಳತೊಡಗಿತು. ಒಂದು ಸಾಲಿನವರ ಭರಾಟೆ ತಗ್ಗಿತು.

ಪರಸ್ಪರ ಬೆನ್ನು ತಟ್ಟಿಕೊಳ್ಳುವ ಜೋಡಿಗಳ ವಿಷಯ ಇನ್ನೂ ನಾಜೂಕು. ಒಬ್ಬರ ವೋಟುಗಳಲ್ಲಿ ಬಹುಪಾಲು ಒಬ್ಬರಿಗೇ ಹೋಗುತ್ತಿದ್ದರೆ ಮೋಸ ಅನ್ನಬೇಕೇ? ಒಂದೇ ವಿಷಯದಲ್ಲಿ ಇಬ್ಬರೇ ಪರಿಣತರಿದ್ದರೆ ಹಾಗಾಗುವುದು ಸಹಜ. ಆದ್ದರಿಂದ ವೋಟು ರದ್ದು ಮಾಡಲಿಲ್ಲ. ಒಬ್ಬರಿಂದ ಒಬ್ಬರಿಗೆ ಹೋಗುವ ಪಾಯಿಂಟ್ ವಾರದಲ್ಲಿ ಇಷ್ಟೇ ಎಂದು ಮಿತಿ ಹಾಕಿದೆ. ಯಾರನ್ನೂ ಕಟಕಟೆಗೆ ಹತ್ತಿಸಬೇಕಾಗಲಿಲ್ಲ. ಸೇಡಿನ ಭಯಕ್ಕೆ ವೋಟು ಹಾಕಿದವರ ಹೆಸರು ಮುಚ್ಚಿಟ್ಟೆ. ಆನ್‌ಲೈನ್ ಮಾರುಕಟ್ಟೆ ಇಬೇ 2008ರಲ್ಲಿ, ಮಾರುವವರು ಕೊಳ್ಳುವವರಿಗೆ ಕೆಟ್ಟ ರೇಟಿಂಗ್ ಕೊಡುವ ಅವಕಾಶವನ್ನೇ ತೆಗೆದುಹಾಕಿದ್ದೂ ಇಂಥ ಸೇಡು ತಡೆಯಲು.

ಅಧಿಕಾರವನ್ನು ಒಟ್ಟು ಮೊತ್ತದಿಂದ ಬಿಡಿಸಿ, ವಿಷಯವಾರು ಮಾಡಿದೆ. ಡೇಟಾಬೇಸಿನಲ್ಲಿ ಗಳಿಸಿದ ಪಾಯಿಂಟು ನೆಟ್‌ವರ್ಕ್ ಪ್ರಶ್ನೆ ಮುಚ್ಚಲು ನಡೆಯುವುದಿಲ್ಲ. ಹಳೆಯ ದೊಡ್ಡ ಮೊತ್ತದವರಿಗೆ ಇದು ರುಚಿಸಲಿಲ್ಲ. ಅವರ ಮೊತ್ತ ಹಾಗೇ ಉಳಿಸಿ, ಅಧಿಕಾರವನ್ನಷ್ಟೇ ಹಂಚಿದೆ.

ಬಗೆಹರಿಯದೆ ಉಳಿದದ್ದು ಒಂದಿದೆ: ಯಾರೂ ಕೇಳದ ಮೂಲೆಯ ವಿಷಯದಲ್ಲಿ ಬರೆಯುವವರು. ಓದುವವರೇ ಬೆರಳೆಣಿಕೆ, ವೋಟು ಎಲ್ಲಿಂದ ಬರಬೇಕು? ವೋಟುಗಳನ್ನು ಓದಿದವರ ಸಂಖ್ಯೆಯಿಂದ ಭಾಗಿಸಿ ನೋಡಿದೆ, ಆದರೆ ಇಬ್ಬರು ಓದಿ ಇಬ್ಬರೂ ಮೆಚ್ಚಿದ್ದು ಪಟ್ಟಿಯ ಮೇಲ್ತುದಿಗೆ ಹೋಗಿ ಕೂರುತ್ತದೆ. ಸದ್ಯಕ್ಕೆ ಅಂಥವರ ಉತ್ತರಗಳನ್ನು ಮಾಡರೇಟರ್‌ಗಳು ತಿಂಗಳಿಗೊಮ್ಮೆ ಕೈಯಾರೆ ಆರಿಸಿ ಮೇಲೆ ತರುತ್ತಾರೆ.